ರೋಗಿ ಸಂಖ್ಯೆ ಹದಿನಾಲ್ಕು

ಬೆಳಿಗ್ಗೆ ಎಂಟೂವರೆಗೆ ಬ್ಯಾರೋ ಊರಿಗೆ ಪಿಡುಗು ಬರುವುದಿತ್ತು.
ಅದಕ್ಕೂ ಮುಂಚೆ ಚಹಾ, ಶುಂಠಿ ಬಿಸ್ಕತ್ತು.
ಬ್ಯಾಡ್ಮಿಂಟನ್ ಅಂಕಣದ ಗೆರೆಗಳ ಮೇಲೆ
ಮಡಚುವ ಮಂಚ ಮೂವತ್ತು,
ನೆಟ್ಟು ಸುತ್ತಿ ಮೂಲೆಗೆ ಒರಗಿಸಿದ್ದರು.
ಹಡಗುಕಟ್ಟೆಯ ಸೈರನ್ ಮಾತ್ರ ನಿಜದ್ದು, ಉಳಿದದ್ದೆಲ್ಲ ತಾಲೀಮು
ಎಂದು ಹಸಿರು ಜಾಕೀಟಿನವನು ಮೂರು ಸಲ ಹೇಳಿದ.
ಯಾರಿಗಾದರೂ ನಿಜಕ್ಕೂ ಎದೆ ಹಿಡಿದರೆ
‘ಆಟವಲ್ಲ, ಆಟವಲ್ಲ’ ಎಂದು ಕೂಗಬೇಕಂತೆ.

ನನ್ನ ಕೊರಳಿಗೊಂದು ಚೀಟಿ ಬಿತ್ತು:
ಜ್ವರ, ಮೂರು ದಿನ. ಬೆನ್ನ ತುಂಬ ಗುಳ್ಳೆ. ಉಸಿರು ಸಾಲದು.
ಇಂಗ್ಲಿಷ್ ಬಾರದು.

ಇದೇ ಕಟ್ಟಡದ ಲೆಕ್ಕವನ್ನು ಹತ್ತೊಂಬತ್ತು ವರ್ಷ
ಇಂಗ್ಲಿಷಿನಲ್ಲೇ ಬರೆದವಳು ನಾನು.
ಒಂದು ಸಾಲಿನಲ್ಲಿ ಕಿತ್ತುಕೊಂಡರು.
ಆಗಲಿ. ಕಾಲಿಗೆ ಕಚ್ಚುವ ಬೂಟು ಬಿಚ್ಚಿದ ಹಾಗಾಯಿತು.

ಪಕ್ಕದ ಮಂಚದ ಎನಿಡ್‌ಗೆ ಎಂಬತ್ತೊಂದು.
ಅವಳು ಹತ್ತೂಕಾಲಿಗೆ ಸಾಯಬೇಕು.
‘ಊಟಕ್ಕೆ ಮೊದಲೇ?’ ಎಂದು ಮುನಿಸಿಕೊಂಡಳು.

ಲ್ಯಾಂಕಾಸ್ಟರಿನಿಂದ ಬಂದ ಎಳೆಯ ನರ್ಸು, ಟ್ಯಾಮ್ಸಿನ್,
ನನ್ನ ಮುಂದೆ ಮಂಡಿಯೂರಿ ನಿಧಾನ ಕೇಳಿದಳು: ಯಾವ ಭಾಷೆ?
ಕನ್ನಡ, ಎಂದೆ.
ದುಭಾಷಿಗಳ ಫೋನು ಹನ್ನೊಂದು ನಿಮಿಷ ಪಿಯಾನೋ ಬಾರಿಸಿ
ಕೊನೆಗೆ ಹೇಳಿತು:
ಕೆನಡಾದವರಿಗೆ ಇಂಗ್ಲಿಷ್ ಬರುತ್ತದಲ್ಲ?

ಒಂಬತ್ತು ನಲವತ್ತಕ್ಕೆ ಎರಡನೆಯ ಲಕೋಟೆ ಒಡೆದರು.
‘ಬಾಗಿಲಲ್ಲಿ ಇನ್ನೂ ಅರವತ್ತು ಮಂದಿ.’
ಮಾಸ್ಕು ತನ್ನಿ, ಎಂದರು. ಕಪಾಟಿಗೆ ಬೀಗ.
ಇನ್ನೂರ ಹನ್ನೆರಡು ಪುಟದ ಯೋಜನೆಯೊಳಗೆ ಕಪಾಟು ಇದೆ,
ಕಪಾಟಿನೊಳಗಿನ ಎಣಿಕೆ ಇದೆ,
ಬೀಗದ ಕೈ ಇಲ್ಲ.
ಜವಾನ ಕ್ಲಿಫರ್ಡ್ ರಜೆಯ ಮೇಲಿದ್ದಾನೆ; ಅವನ ಫೋನೂ ರಜೆ.

ಅಡುಗೆಕೋಣೆಯಲ್ಲಿದೆ ತಾಯಿ, ಎಂದೆ ಟ್ಯಾಮ್ಸಿನ್‌ಗೆ,
ಕೆಟಲಿನ ಹಿಂದೆ, ಮೊಳೆಗೆ ತೂಗುಹಾಕಿದೆ, ಕೆಂಪು ದಾರ.
ಅವಳು ನನ್ನ ಮುಂಗೈ ಸವರಿದಳು.
ಇನ್ನೊಮ್ಮೆ ಹೇಳಿದೆ, ಕೈ ತಿರುವಿ ಬೀಗ ತೆಗೆದು ತೋರಿಸಿದೆ.
‘ರೋಗಿಗೆ ಸೆಳೆತ’ ಎಂದು ಬರೆದುಕೊಂಡಳು.

ಕೇಳುವವರಿದ್ದಾರೆ, ತಿಳಿಯುವವರಿಲ್ಲ;
ಅಂಥ ಕಡೆ ಬಾಯಿ ತಾನಾಗಿ ಬಿಚ್ಚಿಕೊಳ್ಳುತ್ತದೆ.
ಆ ಮೊಳೆ ಹೊಡೆದವಳು ವಿನಿಫ್ರೆಡ್, ಎಂದೆ,
ನನ್ನೆದುರು ಮೇಜಿನವಳು,
ಸುತ್ತಿಗೆ ಸಿಗದೆ ಚಪ್ಪಲಿ ಹಿಮ್ಮಡಿಯಲ್ಲೇ ಹೊಡೆದಳು.
ಆ ವರ್ಷ ಏಪ್ರಿಲಿನಲ್ಲಿ ಹೋದಳು. ಹತ್ತು ಜನಕ್ಕಷ್ಟೇ ಅಪ್ಪಣೆ,
ನಾನು ಹನ್ನೊಂದನೆಯವಳು.
ಅವಳ ಲೋಟ ಇನ್ನೂ ಒಳಗಿದೆ, ಯಾರೂ ಕುಡಿಯುವುದಿಲ್ಲ,
ಯಾರೂ ಎಸೆಯುವುದೂ ಇಲ್ಲ.
ಇಷ್ಟನ್ನು ನಾನು ಈ ಊರಲ್ಲಿ ಯಾರಿಗೂ ಹೇಳಿರಲಿಲ್ಲ, ನೋಡು.
ಟ್ಯಾಮ್ಸಿನ್ ನೋಡಿದಳು.
ಪೆನ್ನು ಕೆಳಗಿಟ್ಟಳು.

‘ಆಟವಲ್ಲ’ ಎಂದು ನಾನು ಕೂಗಬಹುದಿತ್ತೇನೋ.
ಅದನ್ನೂ ಇಂಗ್ಲಿಷಿನಲ್ಲೇ ಕೂಗಬೇಕಿತ್ತು.

ಹತ್ತೂಕಾಲಿಗೆ ಎನಿಡ್ ಸತ್ತಳು, ಚೆನ್ನಾಗಿಯೇ ಸತ್ತಳು,
ಹಾಳೆ ಎಳೆದ ಮೇಲೂ ಒಮ್ಮೆ ಸೀನಿದಳು.

ಮಧ್ಯಾಹ್ನ ಕುರ್ಚಿಗಳನ್ನು ದುಂಡಗೆ ಹಾಕಿ
ಏನು ಕಲಿತಿರಿ ಎಂದು ಕೇಳಿದರು.
ಚೀಟಿ ಕಳಚಿ, ಎದ್ದು, ಇಂಗ್ಲಿಷಿನಲ್ಲಿ
ಮೊಳೆಯ ವಿಷಯ ಹೇಳಿದೆ.
ಎಲ್ಲರೂ ನಕ್ಕರು, ಆಮೇಲೆ ಯಾರೂ ನಗಲಿಲ್ಲ.
ಹಸಿರು ಜಾಕೀಟಿನವನು ಬರೆದುಕೊಂಡ: ಬೀಗದ ಕೈ, ಎರಡನೆಯ ಪ್ರತಿ.
ವಿನಿಫ್ರೆಡ್ ಹೆಸರು ನಾನೂ ಹೇಳಲಿಲ್ಲ, ಅವನೂ ಕೇಳಲಿಲ್ಲ.

ಬಸ್ ನಿಲ್ದಾಣದಲ್ಲಿ ಸಮುದ್ರದ ಗಾಳಿ ಅಡ್ಡಡ್ಡ ಹೊಡೆಯುತ್ತಿತ್ತು.
ಟ್ಯಾಮ್ಸಿನ್ ಓಡಿಬಂದಳು. ನಾಲ್ಕು ಮಾತು ಕಲಿಸಿ, ಎಂದಳು,
ಮುಂದಿನ ಸಲಕ್ಕೆ.
ನೋವು, ನೀರು, ಉಸಿರು, ಹೆಸರು:
ಅಂಗೈ ಮೇಲೆ ತನ್ನ ಲಿಪಿಯಲ್ಲಿ ಗೀಚಿಕೊಂಡು
ಅಲ್ಲೇ ಒಪ್ಪಿಸಿದಳು:
‘ನಿಮ್ಮ ಉಸಿರು ಏನು?’

ತಿದ್ದಬೇಕಿತ್ತು.
ಬಸ್ಸು ಬಂದಿತ್ತು.